ಓಪಿ ನೋಡ್ತಿದ್ದ ಊರಿನ ಡಾಕ್ಟ್ರು ಟಿಎಚ್‌ಓ, ಡಿಎಚ್‌ಓ ಆಗೋದು ಹೇಗೆ? ಸ್ವಲ್ಪ ಬಿಡಿಸಿ ನೋಡೋಣ

ಕೋವಿಡ್ ಬರೋ ತನಕ ನಮ್ಮಲ್ಲಿ ಎಷ್ಟೋ ಜನಕ್ಕೆ ಡಿಎಚ್‌ಓ, ಅಂದ್ರೆ ಜಿಲ್ಲಾ ಆರೋಗ್ಯಾಧಿಕಾರಿ ಅನ್ನೋ ಹುದ್ದೆ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ಆಯ್ತು, ಅದಾದ್ಮೇಲೆ ದಿನಾ ಸಂಜೆ ಬುಲೆಟಿನ್, ಎಷ್ಟು ಪಾಸಿಟಿವ್, ಯಾವ ಬೀದಿ ಸೀಲ್‌ಡೌನ್, ಎಲ್ಲದಕ್ಕೂ ಡಿಎಚ್‌ಓ ಹೇಳಿದ್ರು, ಟಿಎಚ್‌ಓ (ತಾಲೂಕು ಆರೋಗ್ಯಾಧಿಕಾರಿ) ಹೇಳಿದ್ರು ಅಂತ ಸುದ್ದಿ. ಮತ್ತೆ 2024ರಲ್ಲಿ ಡೆಂಗಿ ಜಾಸ್ತಿಯಾಗಿ ರಾಜ್ಯ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ್ಲೂ ಅದೇ ಹೆಸರುಗಳು. ಆಗ ಊರಲ್ಲಿ ಜನ ಮಾತಾಡ್ಕೊಳ್ಳೋದು ಏನು ಅಂದ್ರೆ, ಇವ್ರು ಮೊನ್ನೆ ತನಕ ನಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೂತು ಬಿಪಿ ನೋಡಿ ಮಾತ್ರೆ ಬರ್ಕೊಡ್ತಿದ್ದ ಡಾಕ್ಟ್ರಲ್ವಾ, ಈಗ ಜೀಪಲ್ಲಿ ಓಡಾಡ್ತಾರೆ, ಮೀಟಿಂಗ್ ಮಾಡ್ತಾರೆ, ಪೇಷೆಂಟ್ ನೋಡೋದೇ ಇಲ್ಲ, ಇದು ಪ್ರಮೋಷನ್ನಾ ಅಥವಾ ಬೇರೆ ಕೆಲ್ಸಾನಾ?

ಪ್ರಶ್ನೆ ಸರಿಯಾಗೇ ಇದೆ, ಎರಡೂ ಹೌದು. ಹೇಗೆ ಅಂತ ಬುಡದಿಂದ ನೋಡೋಣ.

ಫ್ಯಾಮಿಲಿ ಡಾಕ್ಟರ್ ಅಂದ್ರೆ ಯಾರು

ಎಂಬಿಬಿಎಸ್ ಅಂದ್ರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಮೆಡಿಕಲ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್. ಅಲ್ಲಿಂದ ಮುಂದೆ ಪಿಜಿ ಮಾಡಿ ಹಾರ್ಟು, ಮೂಳೆ, ಕಣ್ಣು ಅಂತ ಒಂದೊಂದು ಭಾಗ ಹಿಡ್ಕೊಂಡವ್ರು ಸ್ಪೆಷಲಿಸ್ಟ್. ಹಾಗೆ ಮಾಡ್ದೆ ಮಗುವಿನ ಜ್ವರದಿಂದ ಅಜ್ಜಿಯ ಶುಗರ್ ತನಕ, ಬಸುರಿ ಹೆಂಗಸಿಂದ ಹಾವು ಕಚ್ಚಿದವ್ರ ತನಕ ಎಲ್ಲರನ್ನೂ ಮೊದಲು ನೋಡೋರು ಫ್ಯಾಮಿಲಿ ಡಾಕ್ಟ್ರು. ಬರೀ ಎಂಬಿಬಿಎಸ್ ಅಂತ ಒಂಚೂರು ಕಡಿಮೆ ಮಾಡಿ ಮಾತಾಡೋ ಅಭ್ಯಾಸ ನಮ್ಮ ಜನಕ್ಕಿದೆ, ಅದು ತಪ್ಪು. ಫ್ಯಾಮಿಲಿ ಮೆಡಿಸಿನ್ ಅನ್ನೋದೇ ಒಂದು ಸ್ಪೆಷಾಲಿಟಿ, ನ್ಯಾಷನಲ್ ಬೋರ್ಡ್ ಕಡೆಯಿಂದ ಅದರಲ್ಲಿ ಡಿಎನ್‌ಬಿ ಅನ್ನೋ ಮೂರು ವರ್ಷದ ಪಿಜಿ ಕೋರ್ಸ್ ಇದೆ, ವೆಲ್ಲೂರಿನ ಸಿಎಂಸಿ ಮೆಡಿಕಲ್ ಕಾಲೇಜು ಕೆಲಸದಲ್ಲಿರೋ ಡಾಕ್ಟರ್‌ಗಳಿಗೆ ದೂರಶಿಕ್ಷಣದಲ್ಲೇ ಡಿಪ್ಲೊಮಾ ಕೊಡುತ್ತೆ.

ಸಣ್ಣ ಊರಿನ ಫ್ಯಾಮಿಲಿ ಡಾಕ್ಟ್ರ ಹತ್ರ ದೊಡ್ಡ ಆಸ್ಪತ್ರೆಯವ್ರ ಹತ್ರ ಇಲ್ದೇ ಇರೋ ಒಂದು ಆಸ್ತಿ ಇರುತ್ತೆ. ಅವ್ರಿಗೆ ಮನೆ ಗೊತ್ತು. ಈ ಹುಡುಗಿಗೆ ಪದೇಪದೇ ಕೆಮ್ಮು ಬರ್ತಿದ್ರೆ ಮನೆಯಲ್ಲಿ ಸೌದೆ ಒಲೆ ಅಂತ ಗೊತ್ತು, ಈ ಯಜಮಾನ್ರಿಗೆ ಶುಗರ್ ಮಾತ್ರೆ ಕೆಲ್ಸ ಮಾಡ್ತಿಲ್ಲ ಅಂದ್ರೆ ತಿಂಗಳ ಕೊನೆಗೆ ಮಾತ್ರೆ ತಗೊಳ್ಳೋಕೆ ಕಾಸಿರಲ್ಲ ಅಂತಾನೂ ಗೊತ್ತು. ಮುಂದೆ ಹೇಳೋ ಇಡೀ ಕಥೆ ಈ ಆಸ್ತಿಯ ಮೇಲೇ ನಿಂತಿದೆ.

ಡಿಗ್ರಿ ಒಂದೇ, ಕೆಲ್ಸ ಬೇರೆ

ಕೆಎಸ್‌ಆರ್‌ಟಿಸಿಯಲ್ಲಿ ಇಪ್ಪತ್ತು ವರ್ಷ ಒಂದೂ ಆಕ್ಸಿಡೆಂಟ್ ಮಾಡ್ದೆ ಘಾಟಿಯಲ್ಲಿ ಬಸ್ ಓಡಿಸಿದ ಡ್ರೈವರ್ ಇದ್ದಾರೆ ಅನ್ಕೊಳ್ಳಿ, ಅವ್ರನ್ನ ಕರ್ಕೊಂಡು ಬಂದು ಡಿಪೋ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದ್ರೆ ಸ್ಟೀರಿಂಗ್ ಅಲ್ಲಿರಲ್ಲ, ಅಲ್ಲಿರೋದು ಡ್ಯೂಟಿ ಚಾರ್ಟು, ಡೀಸೆಲ್ ಲೆಕ್ಕ, ರಜಾ ಅರ್ಜಿ, ಕೆಟ್ಟು ನಿಂತ ಗಾಡಿ, ಯಾವ ಹಳ್ಳಿಗೆ ಬಸ್ ಹೋಗ್ತಿಲ್ಲ ಅನ್ನೋ ದೂರು. ರಸ್ತೆಯ ಅನುಭವ ಅಲ್ಲಿ ಖಂಡಿತ ಕೆಲಸಕ್ಕೆ ಬರುತ್ತೆ, ಆದ್ರೆ ಅಷ್ಟೇ ಸಾಕಾಗಲ್ಲ.

ಡಾಕ್ಟ್ರದ್ದೂ ಹಾಗೇ. ಕ್ಲಿನಿಕ್‌ನಲ್ಲಿ ಎದುರಿಗೆ ಕೂತ ಒಬ್ಬ ರೋಗಿ ಅವ್ರ ಜವಾಬ್ದಾರಿ. ಟಿಎಚ್‌ಓ ಆದ್ರೆ ಇಡೀ ತಾಲೂಕೇ ಅವ್ರ ರೋಗಿ, ಅದರಲ್ಲಿ ಆಸ್ಪತ್ರೆ ಬಾಗಿಲಿಗೆ ಯಾವತ್ತೂ ಬರ್ದೇ ಇರೋರೂ ಸೇರಿದ್ದಾರೆ. ಕ್ಲಿನಿಕ್‌ನಲ್ಲಿ ತಮ್ಮ ಕೈಯಿಂದಲೇ ಕೆಲ್ಸ ಆಗುತ್ತೆ, ಇಲ್ಲಿ ಎಲ್ಲಾ ಬೇರೆಯವ್ರ ಕೈಯಿಂದ ಮಾಡಿಸ್ಬೇಕು. ಕ್ಲಿನಿಕ್‌ನಲ್ಲಿ ಸಂಜೆಗೆ ಗೊತ್ತಾಗುತ್ತೆ ಜ್ವರ ಇಳೀತೋ ಇಲ್ವೋ ಅಂತ, ಇಲ್ಲಿ ಇವತ್ತು ಮಾಡಿದ ಕೆಲಸದ ಫಲ ಮುಂದಿನ ಮಳೆಗಾಲಕ್ಕೆ ಕಾಣ್ಬಹುದು, ಕಾಣದೇನೂ ಇರ್ಬಹುದು, ಯಾಕಂದ್ರೆ ಬರ್ದೇ ಇರೋ ಕಾಯಿಲೆ ಯಾರ ಕಣ್ಣಿಗೂ ಬೀಳಲ್ಲ.

ಸರ್ಕಾರಿ ಏಣಿ ಹೇಗಿದೆ

ಮೊದಲು ಕೆಳಗಿಂದ ನೋಡೋಣ. ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಬಯಲು ಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಅಲ್ಲಿ ನಾವು ಸಿಸ್ಟರ್ ಅಂತ ಕರೆಯೋ ಎಎನ್‌ಎಂ ಇರ್ತಾರೆ. 30,000 ಜನಕ್ಕೆ (ಗುಡ್ಡಗಾಡಲ್ಲಿ 20,000ಕ್ಕೆ) ಒಂದು ಪಿಎಚ್‌ಸಿ, ಅಲ್ಲಿ ವೈದ್ಯಾಧಿಕಾರಿ. ಸುಮಾರು 1,20,000 ಜನಕ್ಕೆ ಸಮುದಾಯ ಆರೋಗ್ಯ ಕೇಂದ್ರ, ಆಮೇಲೆ ತಾಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ. ಇವು ಕಾಗದದ ಮೇಲಿನ ಅಳತೆ, ಒಂದೊಂದು ಕಡೆ ಹೆಚ್ಚುಕಮ್ಮಿ ಇರುತ್ತೆ.

ಇಲ್ಲಿಂದ ಮುಂದೆ ದಾರಿ ಎರಡಾಗುತ್ತೆ, ಇದನ್ನ ತುಂಬಾ ಜನ ಗಮನಿಸಿರಲ್ಲ. ಒಂದು ಆಸ್ಪತ್ರೆ ಕಡೆಯ ದಾರಿ, ತಾಲೂಕು ಆಸ್ಪತ್ರೆಗೆ ಆಡಳಿತ ವೈದ್ಯಾಧಿಕಾರಿ (ಎಎಂಓ ಅಂತಾರೆ), ಜಿಲ್ಲಾಸ್ಪತ್ರೆಗೆ ಜಿಲ್ಲಾ ಶಸ್ತ್ರಚಿಕಿತ್ಸಕರು, ಡಿಸ್ಟ್ರಿಕ್ಟ್ ಸರ್ಜನ್. ಇವ್ರು ನೋಡ್ಕೊಳ್ಳೋದು ಕಟ್ಟಡದ ಒಳಗಿನದ್ದು, ಬೆಡ್ಡು, ಆಪರೇಷನ್ ಥಿಯೇಟರ್, ಡ್ಯೂಟಿ ಡಾಕ್ಟ್ರು. ಇನ್ನೊಂದು ಊರಿನ ಕಡೆಯ ದಾರಿ, ತಾಲೂಕಿಗೆ ಟಿಎಚ್‌ಓ, ಜಿಲ್ಲೆಗೆ ಡಿಎಚ್‌ಓ. ಡಿಎಚ್‌ಓ ಕೈಕೆಳಗೆ ಒಂದೊಂದು ಕಾರ್ಯಕ್ರಮಕ್ಕೆ ಒಬ್ಬೊಬ್ಬ ಅಧಿಕಾರಿ ಇರ್ತಾರೆ, ತಾಯಿ ಮಕ್ಕಳ ಆರೋಗ್ಯಕ್ಕೆ ಆರ್‌ಸಿಎಚ್‌ಓ, ಟಿಬಿಗೆ ಜಿಲ್ಲಾ ಕ್ಷಯರೋಗ ಅಧಿಕಾರಿ, ಯಾವ ಕಾಯಿಲೆ ಎಲ್ಲಿ ಹರಡ್ತಿದೆ ಅಂತ ಕಣ್ಣಿಡೋಕೆ ಜಿಲ್ಲಾ ಸರ್ವೇಕ್ಷಣಾಧಿಕಾರಿ. ಅದರ ಮೇಲೆ ಬೆಂಗಳೂರಿನಲ್ಲಿ ಡೈರೆಕ್ಟರ್‌ಗಳು, ಅವ್ರ ಮೇಲೆ ಐಎಎಸ್‌ನ ಕಮಿಷನರ್. ಅಂದ್ರೆ ಡಾಕ್ಟ್ರು ಹತ್ತಬಹುದಾದ ಮೆಟ್ಟಿಲು ಡೈರೆಕ್ಟರ್ ಹತ್ರ ಮುಗಿಯುತ್ತೆ ಅಂತಾನೇ ಹೇಳ್ಬಹುದು.

ಜೊತೆಗೆ ಡಿಎಚ್‌ಓಗೆ ಇಬ್ಬರು ಬಾಸ್. ಆರೋಗ್ಯ ಇಲಾಖೆ ಒಂದು ಕಡೆ, ಜಿಲ್ಲಾ ಪಂಚಾಯತ್ ಸಿಇಓ ಇನ್ನೊಂದು ಕಡೆ. ಕೆಡಿಪಿ ಮೀಟಿಂಗ್‌ನಲ್ಲಿ (ಎಲ್ಲಾ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸೋ ಸಭೆ) ಎಂಎಲ್‌ಎ ಎದ್ದು ನಮ್ಮ ಹೋಬಳಿ ಪಿಎಚ್‌ಸಿಗೆ ಡಾಕ್ಟ್ರು ಯಾಕಿಲ್ಲ ಅಂತ ಕೇಳಿದ್ರೆ ಉತ್ತರ ಕೊಡ್ಬೇಕಾದವ್ರು ಟಿಎಚ್‌ಓನೋ ಡಿಎಚ್‌ಓನೋ, ಆದ್ರೆ ಡಾಕ್ಟ್ರನ್ನ ನೇಮಕ ಮಾಡೋ ಅಧಿಕಾರ ಅವ್ರ ಹತ್ರ ಪೂರ್ತಿ ಇರಲ್ಲ. ಬೈಸ್ಕೊಳ್ಳೋದು ಒಬ್ರು, ಬರೆಯೋ ಪೆನ್ನು ಇನ್ನೊಬ್ರ ಹತ್ರ. ಖಾಸಗಿ ಕ್ಲಿನಿಕ್, ಲ್ಯಾಬ್‌ಗಳ ರಿಜಿಸ್ಟ್ರೇಷನ್ ಕೂಡ ಇವ್ರ ತಲೆ ಮೇಲೇ ಇದೆ, 2007ರ ಕೆಪಿಎಂಇ, ಅಂದ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು, ಡಿಎಚ್‌ಓ ಸದಸ್ಯ ಕಾರ್ಯದರ್ಶಿ. ನಕಲಿ ಡಾಕ್ಟರ್ ಕ್ಲಿನಿಕ್‌ಗೆ ಬೀಗ ಹಾಕೋಕೆ ಹೋಗೋದೂ ಇದೇ ತಂಡ.

ಒಂದು ಜ್ವರದ ಕೇಸು ಹಿಡ್ಕೊಂಡು ನೋಡಿದ್ರೆ

ಇಷ್ಟೆಲ್ಲಾ ಹೇಳಿದ್ರೂ ಆ ಕೆಲ್ಸ ಏನು ಅಂತ ಕಣ್ಣಿಗೆ ಕಟ್ಟಬೇಕಂದ್ರೆ ಒಂದು ಕೇಸು ಬೇಕು. ಡೆಂಗಿನೇ ತಗೊಳ್ಳಿ.

ಪಿಎಚ್‌ಸಿಗೆ ಒಬ್ಬ ಹುಡುಗ ಬರ್ತಾನೆ, ಮೂರು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಹಿಡ್ಕೊಂಡಿದೆ. ಡಾಕ್ಟ್ರು ರಕ್ತ ತೆಗೆಸ್ತಾರೆ, ಪ್ಯಾರಾಸಿಟಮಾಲ್ ಕೊಡ್ತಾರೆ, ನೀರು ಚೆನ್ನಾಗಿ ಕುಡಿಸಿ, ಹೊಟ್ಟೆನೋವು, ವಾಂತಿ ಜಾಸ್ತಿಯಾದ್ರೆ ತಕ್ಷಣ ಬನ್ನಿ ಅಂತ ಅವ್ರ ಅಮ್ಮನಿಗೆ ಹೇಳ್ತಾರೆ. ಫ್ಯಾಮಿಲಿ ಡಾಕ್ಟ್ರ ಕೆಲ್ಸ ಅಲ್ಲಿಗೆ ಸರಿಯಾಗಿ ಆಯ್ತು.

ಆದ್ರೆ ಅದೇ ಹುಡುಗನ ಹೆಸರು ಇನ್ನೊಂದು ಕಡೆನೂ ಹೋಗುತ್ತೆ. 2004ರಿಂದ ದೇಶದಲ್ಲಿ ರೋಗ ಸರ್ವೇಕ್ಷಣೆಯ ಒಂದು ಯೋಜನೆ ಇದೆ, ಐಡಿಎಸ್‌ಪಿ ಅಂತ, ಅದರಲ್ಲಿ ಮೂರು ಥರ ಫಾರಂ. ಹಳ್ಳಿಯಲ್ಲಿ ಲಕ್ಷಣ ನೋಡಿ ಸಿಸ್ಟರ್ ಬರೆಯೋದು ಎಸ್, ಪರೀಕ್ಷೆ ಮಾಡಿ ಡಾಕ್ಟ್ರು ಬರೆಯೋದು ಪಿ, ಲ್ಯಾಬ್‌ನಲ್ಲಿ ಖಚಿತ ಆದ್ಮೇಲೆ ಬರೆಯೋದು ಎಲ್. ಈಗ ಇದೆಲ್ಲಾ ಆನ್‌ಲೈನ್ ಪೋರ್ಟಲ್‌ಗೆ ಹೋಗಿದೆ. ಟಿಎಚ್‌ಓ ಆಫೀಸಲ್ಲಿ ಕೂತವ್ರಿಗೆ ಕಾಣೋದು ಹುಡುಗನ ಮುಖ ಅಲ್ಲ, ಒಂದು ಪಟ್ಟಿ.

ಪಟ್ಟಿ ಓದೋದೇ ಒಂದು ವಿದ್ಯೆ. ಉದಾಹರಣೆಗೆ 20,000 ಜನ ಇರೋ ಪಟ್ಟಣದಲ್ಲಿ ಈ ವಾರ 40 ಜ್ವರದ ಕೇಸು, 1,200 ಜನ ಇರೋ ಒಂದು ಹಳ್ಳಿಯಲ್ಲಿ 15 ಕೇಸು ಅನ್ಕೊಳ್ಳಿ. ಜೀಪು ಮೊದಲು ಎಲ್ಲಿಗೆ ಹೋಗ್ಬೇಕು? ನಲವತ್ತು ದೊಡ್ಡದು ಅಂತ ಪಟ್ಟಣಕ್ಕೆ ಹೋದ್ರೆ ಲೆಕ್ಕ ತಪ್ತು. ಪಟ್ಟಣದಲ್ಲಿ ಸಾವಿರಕ್ಕೆ ಇಬ್ಬರು, ಹಳ್ಳಿಯಲ್ಲಿ ಸಾವಿರಕ್ಕೆ ಹನ್ನೆರಡು ಹದಿಮೂರು ಜನ. ಹಳ್ಳಿಯಲ್ಲಿ ಏನೋ ನಡೀತಿದೆ. ಎಷ್ಟು ಜನಕ್ಕೆ ಬಂತು ಅನ್ನೋದರ ಜೊತೆ ಎಷ್ಟು ಜನರಲ್ಲಿ ಬಂತು ಅಂತ ಕೇಳೋದು, ಸಾರ್ವಜನಿಕ ಆರೋಗ್ಯ ಅನ್ನೋ ಶಾಸ್ತ್ರದ ತಳಪಾಯ ಇದೇ.

ಆಮೇಲೆ ತಂಡ ಹಳ್ಳಿಗೆ ಹೋಗಿ ಮನೆಮನೆ ನೋಡುತ್ತೆ. ಸಿಮೆಂಟ್ ತೊಟ್ಟಿ, ಡ್ರಮ್, ಹಿತ್ತಲಲ್ಲಿ ಬಿದ್ದಿರೋ ಟೈರು, ಎಳನೀರು ಚಿಪ್ಪು, ಯಾವುದರಲ್ಲಿ ಲಾರ್ವಾ ಇದೆ ಅಂತ ಟಾರ್ಚ್ ಬಿಟ್ಟು ನೋಡಿ ಬರ್ಕೊಳ್ತಾರೆ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಸುಮಾರು ಏಳರಿಂದ ಹತ್ತು ದಿನ, ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಉಜ್ಜಿ ಒಣಗಿಸಿ ಅಂತ ಹೇಳೋದು. ಇಲ್ಲಿ ತನಿಖೆ ಮಾಡಿದವ್ರಿಗೆ ಇನ್ನೊಂದು ವಿಷ್ಯ ಸಿಗ್ಬಹುದು, ಜನ ಯಾಕೆ ಅಷ್ಟು ನೀರು ತುಂಬಿಡ್ತಿದ್ದಾರೆ ಅಂದ್ರೆ ನಲ್ಲಿಯಲ್ಲಿ ನೀರು ವಾರಕ್ಕೊಂದು ಸಲ ಬರೋದು. ಈಗ ಟಿಎಚ್‌ಓ ಮಾತಾಡ್ಬೇಕಿರೋದು ಗ್ರಾಮ ಪಂಚಾಯ್ತಿ ಪಿಡಿಓ ಹತ್ರ, ವಾಟರ್‌ಮ್ಯಾನ್ ಹತ್ರ. ಜ್ವರದ ಔಷಧಿ ನೀರಿನ ಟೈಮ್‌ಟೇಬಲ್‌ನಲ್ಲಿತ್ತು. ಇದನ್ನ ಯಾವ ಸ್ಟೆತಾಸ್ಕೋಪೂ ಹೇಳಲ್ಲ, ಆದ್ರೆ ಆ ಊರಲ್ಲಿ ಹತ್ತು ವರ್ಷ ಓಪಿ ನೋಡಿದ ಡಾಕ್ಟ್ರಿಗೆ ಬೇಗ ಹೊಳೆಯುತ್ತೆ.

ಯಾರ್ಕ್‌ಶೈರಿನ ಹಳ್ಳಿ ಡಾಕ್ಟರ್ ಒಬ್ರು

ಊರಿನ ಡಾಕ್ಟ್ರಿಂದ ಆರೋಗ್ಯ ಕ್ಷೇತ್ರದ ನಾಯಕತ್ವಕ್ಕೆ ಹೋದವ್ರಲ್ಲಿ ನನಗೆ ತುಂಬಾ ಇಷ್ಟ ಆಗೋ ಹೆಸರು ವಿಲಿಯಂ ಪಿಕಲ್ಸ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಐಸ್‌ಗಾರ್ತ್ ಅನ್ನೋ ಹಳ್ಳಿ, ಸುತ್ತ ಕುರಿ ಮೇಯೋ ಕಣಿವೆ. ಹುಟ್ಟಿದ್ದು 1885ರಲ್ಲಿ ಲೀಡ್ಸ್‌ನಲ್ಲಿ, ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಈ ಹಳ್ಳಿಗೆ ಬಂದವ್ರು ಅಲ್ಲೇ ಜೀವನ ಪೂರ್ತಿ ಪ್ರಾಕ್ಟೀಸ್ ಮಾಡಿದ್ರು.

1929ರಲ್ಲಿ ಆ ಕಣಿವೆಯಲ್ಲಿ ಕಾಮಾಲೆ ಹರಡ್ತು. ಸುಮಾರು 5,700 ಜನರಲ್ಲಿ 250 ಜನಕ್ಕೆ. ಆ ಕಾಲಕ್ಕೆ ಈ ಕಾಯಿಲೆ ಹೇಗೆ ಹರಡುತ್ತೆ, ಸೋಂಕು ತಗುಲಿ ಎಷ್ಟು ದಿನಕ್ಕೆ ಕಾಣಿಸ್ಕೊಳ್ಳುತ್ತೆ ಅನ್ನೋದು ಸ್ಪಷ್ಟ ಇರ್ಲಿಲ್ಲ. ಪಿಕಲ್ಸ್ ಏನು ಮಾಡಿದ್ರು ಅಂದ್ರೆ ಯಾರಿಗೆ, ಯಾವ ಹಳ್ಳಿಯಲ್ಲಿ, ಯಾವ ದಿನ, ಅದಕ್ಕೆ ಮುಂಚೆ ಯಾರ ಜೊತೆ ಇದ್ರು ಅಂತ ಬರೀತಾ ಹೋದ್ರು. ಒಂದಿನ ಬೆಳಿಗ್ಗೆ ಕಾಮಾಲೆ ಬಂದು ಮಲಗಿದ್ದ ಒಬ್ಬ ಹುಡುಗಿಯನ್ನ ನೋಡಿ ಬಂದಿದ್ರು, ಆಕೆ ಮಧ್ಯಾಹ್ನ ಎದ್ದು ಊರ ಮೇಳಕ್ಕೆ ಹೋಗ್ಬಿಟ್ಟಿದ್ಲು. ಆ ಒಂದು ದಿನದ ಸಂಪರ್ಕ ಹಿಡ್ಕೊಂಡು ನೋಡಿದ್ರೆ ಮುಂದೆ ಯಾರ್ಯಾರು ಎಷ್ಟು ದಿನಕ್ಕೆ ಮಲಗಿದ್ರು ಅನ್ನೋ ಲೆಕ್ಕ ಸಿಕ್ತು. ದೊಡ್ಡ ಊರಲ್ಲಿ ಇಂಥ ಲೆಕ್ಕ ಆಗೋದೇ ಇಲ್ಲ, ಅಲ್ಲಿ ಯಾರು ಯಾರನ್ನ ಎಲ್ಲಿ ಮುಟ್ಟಿದ್ರು ಅಂತ ಯಾರಿಗೆ ಗೊತ್ತು. ಹೀಗೆ ಕೂಡಿಸಿ ನೋಡಿದಾಗ ಸೋಂಕಿಂದ ಲಕ್ಷಣದ ತನಕ 26ರಿಂದ 35 ದಿನ ಅಂತ ಅವ್ರು ಹೇಳಿದ್ರು. ಇವತ್ತು ನಾವು ಹೆಪಟೈಟಿಸ್ ಎ ಅಂತ ಕರೆಯೋ ಕಾಯಿಲೆಗೆ ಪುಸ್ತಕದಲ್ಲಿರೋ ಸರಾಸರಿ ಸುಮಾರು 28 ದಿನ. ಪ್ರಯೋಗಾಲಯ ಇಲ್ಲ, ಕಂಪ್ಯೂಟರ್ ಇಲ್ಲ, ಇದ್ದಿದ್ದು ನೋಟ್‌ಬುಕ್ ಮತ್ತು ಊರಿನ ಪರಿಚಯ.

ಈ ಕೆಲ್ಸ 1939ರಲ್ಲಿ ಪುಸ್ತಕ ಆಯ್ತು. 1952ರಲ್ಲಿ ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರ್‌ಗಳು ತಮ್ಮದೇ ಒಂದು ಕಾಲೇಜ್ ಕಟ್ಟಿಕೊಂಡಾಗ (ಇಲ್ಲಿ ಕಾಲೇಜ್ ಅಂದ್ರೆ ಪಾಠದ ಕಟ್ಟಡ ಅಲ್ಲ, ವೃತ್ತಿಯ ಮಟ್ಟ, ಪರೀಕ್ಷೆ, ತರಬೇತಿ ನಿಗದಿ ಮಾಡೋ ಸಂಸ್ಥೆ) ಅದರ ಮೊದಲ ಅಧ್ಯಕ್ಷರಾಗಿ ಬಂದಿದ್ದು ಲಂಡನ್ನಿನ ಯಾವ ದೊಡ್ಡ ಹೆಸರೂ ಅಲ್ಲ, ಐಸ್‌ಗಾರ್ತ್‌ನ ಈ ಪಿಕಲ್ಸ್.

ಯಳಂದೂರು, ಬಿಳಿಗಿರಿರಂಗನ ಬೆಟ್ಟ

ನಮ್ಮಲ್ಲೇ ಇನ್ನೊಂದು ಥರದ ದಾರಿ ಇದೆ. ಡಾ. ಎಚ್. ಸುದರ್ಶನ್ ಬೆಂಗಳೂರು ಮೆಡಿಕಲ್ ಕಾಲೇಜಲ್ಲಿ ಓದಿ ಬಿಳಿಗಿರಿರಂಗನ ಬೆಟ್ಟಕ್ಕೆ ಸೋಲಿಗ ಬುಡಕಟ್ಟಿನವ್ರ ಮಧ್ಯೆ ಹೋದ್ರು, ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯ್ತು. ಯಳಂದೂರು ತಾಲೂಕಲ್ಲಿ ಕುಷ್ಠರೋಗ ಜಾಸ್ತಿ ಇತ್ತು, ಅದಕ್ಕಾಗಿ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ತು. ಕುಷ್ಠ ಹುಡುಕ್ತಾ ಮನೆಮನೆಗೆ ಹೋದವ್ರಿಗೆ ಮೂರ್ಛೆರೋಗ, ಕ್ಷಯ ಎಲ್ಲಾ ಕಾಣಿಸ್ತು, ಒಂದೊಂದು ಕಾಯಿಲೆಗೆ ಒಂದೊಂದು ಗಾಡಿ ಓಡಿಸೋ ಬದಲು ಪಿಎಚ್‌ಸಿಯನ್ನೇ ಗಟ್ಟಿ ಮಾಡ್ಬೇಕು ಅನ್ನೋ ಕಡೆ ಕೆಲ್ಸ ತಿರುಗ್ತು. 1996ರಲ್ಲಿ ಗುಂಬಳ್ಳಿ ಪಿಎಚ್‌ಸಿಯನ್ನ ಸರ್ಕಾರ ಈ ಟ್ರಸ್ಟ್‌ಗೆ ನಡೆಸೋಕೆ ಕೊಡ್ತು, ಕಟ್ಟಡ ಸರ್ಕಾರದ್ದೇ, ಚಿಕಿತ್ಸೆ ಉಚಿತವೇ, ಆಡಳಿತ ಮಾತ್ರ ಟ್ರಸ್ಟ್‌ದು.

ಅಲ್ಲಿಂದ ಇಡೀ ರಾಜ್ಯದ ಮಟ್ಟಕ್ಕೆ. 1999ರಲ್ಲಿ ಕರ್ನಾಟಕ ಸರ್ಕಾರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಕಾರ್ಯಪಡೆ ಅಂತ ಮಾಡಿದಾಗ ಅದರ ಅಧ್ಯಕ್ಷತೆ ಇವ್ರಿಗೆ ಬಂತು, 2001ರಲ್ಲಿ ವರದಿ ಕೊಟ್ರು, ಇಲಾಖೆಯ ಭ್ರಷ್ಟಾಚಾರದ ಬಗ್ಗೆ ಅದರಲ್ಲಿ ನೇರವಾಗೇ ಬರೆದಿದ್ರು. ಆಮೇಲೆ ಲೋಕಾಯುಕ್ತದಲ್ಲಿ ಆರೋಗ್ಯ ಕ್ಷೇತ್ರದ ವಿಚಕ್ಷಣೆಯ ಜವಾಬ್ದಾರಿನೂ ನೋಡಿದ್ರು. ಸರ್ಕಾರಿ ಏಣಿಯ ಒಂದು ಮೆಟ್ಟಿಲನ್ನೂ ಹತ್ತದೆ ರಾಜ್ಯದ ಆರೋಗ್ಯ ನೀತಿಗೆ ಕೈ ಹಾಕೋಕೆ ಆಯ್ತು ಅಂದ್ರೆ ಅದಕ್ಕೆ ಕಾರಣ ಒಂದು ತಾಲೂಕಿನ ಲೆಕ್ಕ ಅವ್ರ ಕೈಯಲ್ಲಿತ್ತು.

ಸ್ವಂತ ಕ್ಲಿನಿಕ್ ಇಟ್ಕೊಂಡವ್ರು

ಖಾಸಗಿ ಪ್ರಾಕ್ಟೀಸ್‌ನವ್ರ ದಾರಿ ಚಿಕ್ಕದಾಗಿ ಹೇಳ್ತೀನಿ. ಕ್ಲಿನಿಕ್ ಹತ್ತು ಬೆಡ್ಡಿನ ನರ್ಸಿಂಗ್ ಹೋಂ ಆಗುತ್ತೆ, ಆಗ ಡಾಕ್ಟ್ರು ಸಂಬಳ ಕೊಡೋ ಯಜಮಾನರೂ ಆಗ್ತಾರೆ. ಕೆಲವರು ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿ ದೊಡ್ಡ ಆಸ್ಪತ್ರೆಗೆ ಮೆಡಿಕಲ್ ಸೂಪರಿಂಟೆಂಡೆಂಟ್ ಆಗಿ ಹೋಗ್ತಾರೆ. ಇನ್ನು ಕೆಲವರು ಡಾಕ್ಟರ್‌ಗಳ ಸಂಘ ಐಎಂಎ (ಭಾರತೀಯ ವೈದ್ಯಕೀಯ ಸಂಘ) ತಾಲೂಕು ಶಾಖೆಯಿಂದ ಶುರು ಮಾಡಿ ರಾಜ್ಯ ಶಾಖೆ ತನಕ ಹೋಗ್ತಾರೆ, ಅಲ್ಲಿ ಡಾಕ್ಟರ್‌ಗಳ ಪರವಾಗಿ ಸರ್ಕಾರದ ಹತ್ರ ಮಾತಾಡೋದು ಕೆಲ್ಸ.

ತರಬೇತಿ ಎಲ್ಲಿ ಸಿಗುತ್ತೆ, ತೊಡಕು ಎಲ್ಲಿದೆ

ಎಂಬಿಬಿಎಸ್‌ನಲ್ಲಿ ಕಮ್ಯುನಿಟಿ ಮೆಡಿಸಿನ್ (ಇಡೀ ಸಮುದಾಯದ ಆರೋಗ್ಯದ ಪಾಠ) ಅನ್ನೋ ಒಂದು ಸಬ್ಜೆಕ್ಟ್ ಇದೆ, ಪರೀಕ್ಷೆ ಮುಗಿದ್ಮೇಲೆ ಹೆಚ್ಚಿನವ್ರು ಮರೀತಾರೆ. ಮುಂದೆ ಬೇಕಾದವ್ರಿಗೆ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ, ಸಾರ್ವಜನಿಕ ಆರೋಗ್ಯದಲ್ಲಿ ಡಿಪಿಎಚ್ ಅನ್ನೋ ಡಿಪ್ಲೊಮಾ, ಎಂಪಿಎಚ್ ಅನ್ನೋ ಮಾಸ್ಟರ್ಸ್ ಅಂತ ಕೋರ್ಸ್‌ಗಳಿವೆ. ಸರ್ಕಾರಿ ಡಾಕ್ಟರ್‌ಗಳಿಗೆ ಬೆಂಗಳೂರು ಮಾಗಡಿ ರಸ್ತೆಯ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಲ್ಲಿ ತರಬೇತಿಗಳು ನಡೀತವೆ.

ತೊಡಕು ಇರೋದು ಎಲ್ಲಿ ಅಂದ್ರೆ, ಸರ್ವಿಸ್ ಜಾಸ್ತಿ ಇದೆ ಅಂತ ಕುರ್ಚಿ ಕೊಡೋದು ಸುಲಭ, ಆ ಕುರ್ಚಿಗೆ ಬೇಕಾದ ವಿದ್ಯೆ ಕೊಡೋದು ಕಷ್ಟ. ಒಳ್ಳೆ ಹೆರಿಗೆ ಡಾಕ್ಟ್ರೊಬ್ರನ್ನ ಫೈಲಿನ ಹಿಂದೆ ಕೂರಿಸಿದ್ರೆ ಎರಡು ನಷ್ಟ, ತಾಲೂಕಿಗೆ ಹೆರಿಗೆ ಮಾಡಿಸೋರು ಹೋದ್ರು, ಆಫೀಸಿಗೂ ಪಟ್ಟಿ ಓದೋಕೆ ಬರೋರು ಸಿಗ್ಲಿಲ್ಲ. ತಮಿಳುನಾಡಿನಲ್ಲಿ ಬ್ರಿಟಿಷರ ಕಾಲದಿಂದಲೂ ಸಾರ್ವಜನಿಕ ಆರೋಗ್ಯಕ್ಕೆ ಬೇರೆ ಡೈರೆಕ್ಟರೇಟ್ ಇದೆ, ಮದ್ರಾಸ್ ಪಬ್ಲಿಕ್ ಹೆಲ್ತ್ ಆಕ್ಟ್ 1939ರದ್ದು. ಅಲ್ಲಿ ಈ ಕೆಲಸಕ್ಕೆ ಬರೋ ಡಾಕ್ಟರ್‌ಗಳು ಅದಕ್ಕಾಗೇ ಓದಿ, ಅದೇ ಸಾಲಿನಲ್ಲಿ ಮೇಲೆ ಹೋಗ್ತಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲಾ ರಾಜ್ಯದಲ್ಲೂ ಇಂಥ ಸಾರ್ವಜನಿಕ ಆರೋಗ್ಯ ನಿರ್ವಹಣಾ ಕೇಡರ್ ಇರ್ಬೇಕು ಅಂತ ಹೇಳ್ತು, 2022ರಲ್ಲಿ ಕೇಂದ್ರ ಅದಕ್ಕೆ ಮಾರ್ಗದರ್ಶಿಯನ್ನೂ ಕೊಡ್ತು. ಕೇಡರ್ ಅಂದ್ರೆ ಒಂದೇ ಥರದ ಕೆಲಸಕ್ಕೆ ನೇಮಕ, ತರಬೇತಿ, ಬಡ್ತಿ ಎಲ್ಲಾ ಒಂದೇ ಸಾಲಲ್ಲಿ ಇರೋ ಗುಂಪು. ನನಗೆ ಅನ್ಸೋದು, ಬೇರೆ ಕೇಡರ್ ಬರ್ಲಿ, ಆದ್ರೆ ಅದಕ್ಕೆ ಸೇರೋ ಮುಂಚೆ ಒಂದಷ್ಟು ವರ್ಷ ಪಿಎಚ್‌ಸಿಯಲ್ಲಿ ಕೂತು ಓಪಿ ನೋಡಿರ್ಲೇಬೇಕು. ಊರು ಗೊತ್ತಿಲ್ದೆ ಬರೀ ಪಟ್ಟಿ ಓದಿದ್ರೆ ನಲ್ಲಿ ನೀರಿನ ವಿಷ್ಯ ಹೊಳೆಯಲ್ಲ.

ನಾವು ಯಾರನ್ನ ಏನು ಕೇಳ್ಬೇಕು

ಓಪಿಯಲ್ಲಿ ಡಾಕ್ಟ್ರು ಸರಿಯಾಗಿ ನೋಡ್ಲಿಲ್ಲ, ಮಾತ್ರೆ ಇಲ್ಲ ಅಂದ್ರೆ ಮೊದಲು ಆ ಪಿಎಚ್‌ಸಿ ವೈದ್ಯಾಧಿಕಾರಿ ಹತ್ರಾನೇ ಕೇಳಿ, ಪ್ರತಿ ಪಿಎಚ್‌ಸಿಗೂ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತೆ, ಅದರಲ್ಲಿ ಊರಿನವ್ರೂ ಸದಸ್ಯರಿರ್ತಾರೆ, ಅಲ್ಲಿನ ಸಣ್ಣಪುಟ್ಟ ಖರ್ಚಿನ ತೀರ್ಮಾನ ಆಗೋದು ಅಲ್ಲೇ. ಊರಲ್ಲಿ ಒಂದೇ ಬೀದಿಯಲ್ಲಿ ನಾಲ್ಕೈದು ಜನಕ್ಕೆ ಒಟ್ಟಿಗೆ ಜ್ವರ, ವಾಂತಿಭೇದಿ ಬಂದ್ರೆ ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ, ಅದು ಟಿಎಚ್‌ಓ ತನಕ ಹೋಗ್ಲೇಬೇಕಾದ ಸುದ್ದಿ. ತಾಲೂಕು ಆಸ್ಪತ್ರೆಯ ಒಳಗಿನ ದೂರು ಎಎಂಓಗೆ, ಕ್ಲಿನಿಕ್ ನಕಲಿ ಅಂತ ಅನುಮಾನ ಇದ್ರೆ ಟಿಎಚ್‌ಓ ಅಥವಾ ಡಿಎಚ್‌ಓ ಆಫೀಸಿಗೆ ಬರವಣಿಗೆಯಲ್ಲಿ. ಟಿಎಚ್‌ಓ ಹತ್ರ ಹೋದಾಗ ನಿಮ್ಮ ಊರಿನ ಜನಸಂಖ್ಯೆ, ಎಷ್ಟು ಮನೆಯಲ್ಲಿ ಕಾಯಿಲೆ, ಯಾವ ದಿನದಿಂದ ಶುರು ಅಂತ ಒಂದು ಹಾಳೆಯಲ್ಲಿ ಬರ್ಕೊಂಡು ಹೋದ್ರೆ ಕೆಲ್ಸ ಬೇಗ ಆಗುತ್ತೆ, ಯಾಕಂದ್ರೆ ಅವ್ರು ಮೊದಲು ಕೇಳೋದೂ ಅದನ್ನೇ.